ಖಾಕಿ ಇಲ್ಲದ ಕಂಡಕ್ಟರು

ರುದ್ರಸ್ವಾಮಿಯ ಗ್ರಹಚಾರ ಶುರುವಾದದ್ದು ಒಂದು ಬಿಳಿ ಷರಟಿನಿಂದ. ಹುಣಸೂರು–ಪಿರಿಯಾಪಟ್ಟಣ ಬಸ್ಸಿನ ಕಂಡಕ್ಟರಾಗಿ ವರ್ಷಗಟ್ಟಲೆ ಖಾಕಿ ತೊಟ್ಟ ಮೈ ಅದು. ಹೆಣ್ಣು ನೋಡಲು ಹೊರಟಾಗ ಸೋದರಮಾವ ಚಲುವರಾಜು, "ಬಿಳೀದು ಹಾಕ್ಕೊಳ್ಲಾ, ಯಾರ್ಗೂ ಗುರ್ತು ಸಿಗ್ಬಾರ್ದು" ಎಂದಿದ್ದ. ಹುಡುಗಿಯ ಮನೆಯವರಿಗೂ ನೌಕರಿಯಲ್ಲಿದ್ದಾನೆ ಎಂದಷ್ಟೇ ಹೇಳಿದ್ದ. ಆ ರೂಟಿನ ಹಳ್ಳಿಗಳಲ್ಲಿ ಇವನು ಹತ್ತಿಸಿಕೊಳ್ಳದೆ ಹೋದವರೆಷ್ಟೋ, ಕೋಳಿಬುಟ್ಟಿ ಸಮೇತ ಇಳಿಸಿದವರೆಷ್ಟೋ. ಎರಡು ಸಂಬಂಧ ಅದರಿಂದಲೇ ಮುರಿದಿದ್ದವು. ಇದೂ ತಪ್ಪಿದರೆ ಮದುವೆಯ ಆಸೆಯನ್ನೇ ಬಿಡಬೇಕೆಂದು ಅವನು ನಿಜಕ್ಕೂ ಹೆದರಿದ್ದ.

ಹುಡುಗಿಯ ತಾಯಿ ಜಯಲಕ್ಷ್ಮಮ್ಮ ಉಪ್ಪಿಟ್ಟು ಕೊಡುತ್ತಾ ಅವನ ಮುಖವನ್ನೇ ದಿಟ್ಟಿಸಿದರು. "ನಿಮ್ಮನ್ನ ಎಲ್ಲೋ ನೋಡ್ದಂಗದೆ ಕಣಪ್ಪಾ."

ರುದ್ರಸ್ವಾಮಿ ಉಪ್ಪಿಟ್ಟಿನ ತಟ್ಟೆಗೆ ಮುಖ ಬಗ್ಗಿಸಿದ.

"ಗೊಬ್ಬರದ ಅಂಗಡೀಲಿ ಕೂತಿರ್ತಾರಲ್ಲ, ಅವ್ರೇ" ಎಂದರು ಪಕ್ಕದ ಮನೆಯ ಸುಂದ್ರಮ್ಮ.

"ಅಲ್ಲ ಕಣಕ್ಕ, ಹನಗೋಡು ಆಸ್ಪತ್ರೆ ಕಾಂಪೌಂಡ್ರು!" ಎಂದಿತು ಕಿಟಕಿಯಾಚೆಯ ಇನ್ನೊಂದು ದನಿ.

ರುದ್ರಸ್ವಾಮಿ ಎಲ್ಲದಕ್ಕೂ ತಲೆಯಾಡಿಸಿದ. ಗುರುತು ಹಿಡಿಯಲು ಇಡೀ ಬೀದಿಯೇ ಬಂತು. ಬಾಗಿಲಲ್ಲಿ ನೂಕುನುಗ್ಗಲು, ಸೆಕೆ, ಯಾರದೋ ಮೊಣಕೈ ಇವನ ಪಕ್ಕೆಗೆ. ತನಗೇ ತಿಳಿಯದೆ ಎದ್ದು ನಿಂತು ಕೂಗಿಬಿಟ್ಟ: "ಬಾಗ್ಲಲ್ಲಿ ನಿಲ್ಬೇಡ್ರೀ! ಒಳಗೋಗಿ, ಒಳಗೋಗಿ! ಮುಂದೆ ಜಾಗ ಅದೆ!"

"ಅಯ್ಯೋ, ಕಂಡಕ್ಟ್ರು ಕಣೇ!" ಸುಂದ್ರಮ್ಮ ಕಿರುಚಿದರು. "ನನ್ ಹುಂಜಾನ ನಡುದಾರೀಲಿ ಇಳಿಸ್ದೋನು!"

ಎಲ್ಲರಿಗೂ ಒಮ್ಮೆಲೇ ನೆನಪು ಬಂತು. ಚಲುವರಾಜು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದ. ಆದರೆ ಜಯಲಕ್ಷ್ಮಮ್ಮ ನಕ್ಕರು. "ಬುಡು ಸುಂದ್ರಕ್ಕಾ. ಅಳಿಯ ಆದ್ಮೇಲೆ ನಮ್ಮೂರಲ್ಲಿ ಬಸ್ ನಿಲ್ಲಿಸ್ದೆ ಎಲ್ಲೋಯ್ತಾರೆ?"

ಬೀದಿಗೆ ಬೀದಿಯೇ ಹೌದೆಂದಿತು. ರುದ್ರಸ್ವಾಮಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಹುಡುಗಿ ರಾಣಿ ಕಾಫಿ ತಂದಳು. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. "ನನ್ನ ಮುಂಚೆ ಎಲ್ಲಾದ್ರೂ ನೋಡಿದೀರಾ?" ಎಂದು ಮೆಲ್ಲಗೆ ಕೇಳಿದಳು.

ಎಷ್ಟು ನೋಡಿದರೂ ಅವನಿಗೆ ಗುರುತು ಹತ್ತಲಿಲ್ಲ. ಹತ್ತಿದ್ದರೂ ಹಿರಿಯರ ಮುಂದೆ ಹೇಳುವುದುಂಟೇ! "ದೇವ್ರಾಣೆ ಇಲ್ಲ ಕಣ್ರೀ. ನಾನು ಹೆಣ್ಮಕ್ಕಳ ಮುಖ ನೋಡೋನೇ ಅಲ್ಲ."

ಹಿರಿಯರು ಮೆಚ್ಚಿ ತಲೆದೂಗಿದರು. ರಾಣಿಯ ಮುಖ ಮಾತ್ರ ಕಂದಿತು.

"ಎರಡು ವರ್ಷದಿಂದ ನಿಮ್ ಬಸ್ಸಲ್ಲೇ ಟೈಪಿಂಗ್ ಕ್ಲಾಸಿಗೆ ಓಯ್ತೀನಿ. ದಿನಾ ಪಾಸ್ ಇಸ್ಕೊಂಡು ನೋಡ್ತೀರಿ. ನೀವು ಹೊಸಿಲು ದಾಟ್ದಾಗ್ಲೇ ನಂಗೆ ಗುರ್ತು ಸಿಕ್ತು, ಒಳಗೇ ಒಪ್ಕೊಂಡಿದ್ದೆ. ಬ್ಯಾಡ ಕಣವ್ವಾ ಈ ಸಂಬಂಧ." ಕಣ್ಣೊರೆಸಿಕೊಂಡು ಒಳಗೆ ಹೋದಳು.

ರುದ್ರಸ್ವಾಮಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಸೀರೆಯುಟ್ಟ ರಾಣಿಯೇ ಕಣ್ಣ ಮುಂದೆ. ಬೆಳಿಗ್ಗೆ ಆ ಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ, ಕ್ಷಮೆ ಕೇಳಲೆಂದು ಬಾಗಿಲಲ್ಲೇ ನಿಂತ. ಮೂವರು ಹುಡುಗಿಯರು ಹತ್ತಿದರು. ಮೂವರದೂ ಚೂಡಿದಾರ, ಮೂವರ ಹೆಗಲಲ್ಲೂ ಬ್ಯಾಗು, ಮೂವರೂ ಬಿಗಿದುಕೊಂಡ ಮುಖದವರೇ. ಎದೆ ಗಟ್ಟಿ ಮಾಡಿಕೊಂಡು ಮುಂದಿದ್ದವಳಿಗೆ ಕೈ ಮುಗಿದ.

"ತಪ್ಪಾಯ್ತು ರಾಣಿಯವ್ರೇ, ಇನ್ನು ಜನ್ಮದಲ್ಲಿ ಮರೆಯಲ್ಲ."

"ಪಾಸ್ ನೋಡ್ಕೊಳ್ಳಿ" ಎಂದಳು, ಅವಳ ಹಿಂದೆ ನಿಂತಿದ್ದ ರಾಣಿ.