ಅತ್ತೆಯ ಕುಂಕುಮ ಅಳಿಸಿದ ಬೆರಳು

ಬಣ್ಣದ ಫೋಟೋವನ್ನು ಕಪ್ಪು-ಬಿಳುಪು ಮಾಡುವುದು ಒಂದು ಕೆಲಸವೇ ಅಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಬಣ್ಣ ಹಾಕುವುದಕ್ಕಾದರೆ ಕಲೆ ಬೇಕು. ತೆಗೆಯುವುದಕ್ಕೇನು? ಒಂದು ಬೆರಳಿದ್ದರೆ ಆಯಿತು.

ಆ ಬೆರಳೇ ನನ್ನ ಮಾನ ಕಳೆಯಿತು.

ಸೋಬಾನೆ ಪದ ಹೇಳುವುದರಲ್ಲಿ ನಮ್ಮತ್ತೆ ಕಳ್ಳಂಬೆಳ್ಳದ ಸುತ್ತಮುತ್ತ ಹೆಸರುವಾಸಿ. ಈಗೀಗ ಮಾತ್ರ ಅವರು ಪದ ಎತ್ತುವಷ್ಟರಲ್ಲಿ ಯಾರಾದರೂ ಸ್ಪೀಕರ್ ಹಾಕಿಬಿಡುತ್ತಾರೆ. "ಜೊತೇಲಿ ಸೊಲ್ಲು ಹೇಳೋರೇ ಇಲ್ಲ ಕಣವ್ವ. ನನ್ ಪದ ನನ್ ಜೊತೇಲೇ ಹೋಯ್ತವೆ" ಎಂದು ಕೊರಗುತ್ತಿದ್ದರು. ಹಾಗಾಗಿ ಅವರ ತಮ್ಮನ ಮೊಮ್ಮಗಳ ಮದುವೆಯಲ್ಲಿ, ಅರಿಶಿನ ಶಾಸ್ತ್ರಕ್ಕೆ ಕೂತ ಹೆಂಗಸರಿಗೆ ಹಂಚಲು ಪದಗಳ ಪುಟ್ಟ ಪುಸ್ತಕ ಮಾಡಿಸುವುದೆಂದು ತೀರ್ಮಾನವಾಯಿತು. ಮೊದಲ ಹಾಳೆಯ ಮುಂದೆ ಅತ್ತೆಯ ಫೋಟೋ, ಅದೇ ಹಾಳೆಯ ಹಿಂದೆ ಮಾವನ ಫೋಟೋ.

ಮಧುಗಿರಿಯ ಪ್ರೆಸ್ಸಿನವರು ಫೋನಿನಲ್ಲಿ, "ಒಳಗೆಲ್ಲಾ ಬ್ಲ್ಯಾಕ್ ಅಂಡ್ ವೈಟೇ ಮೇಡಂ. ಫೋಟೋ ಕೆಲಸದೋರು ರಜಾ ಹಾಕವ್ರೆ. ನೀವೇ ಮಾಡಿ ಕಳ್ಸುಬುಡಿ" ಎಂದರು.

"ಅದಕ್ಕೇನಂತೆ" ಎಂದೆ.

ಫೋಟೋದಲ್ಲಿ ಅತ್ತೆಗೆ ಕೆಂಪು ಸೀರೆ, ಹಸಿರು ರವಿಕೆ, ಹಿಂದೆ ಕ್ರೋಟನ್ ಗಿಡ. ಬಣ್ಣ ತೆಗೆದೆ. ಕೆಂಪೂ ಬೂದು, ಹಸಿರೂ ಬೂದು, ಗಿಡವೂ ಬೂದು. ಮಧುಗಿರಿ ಬಂಡೆಗೆ ಕಣ್ಣು ಮೂಗು ಮೂಡಿದ ಹಾಗಿತ್ತು.

ನನ್ನವರು ಇಣುಕಿ ನೋಡಿ, "ಅಮ್ಮ ಎಲ್ಲಿ?" ಎಂದರು.

ಸೋಲೊಪ್ಪುವವಳಲ್ಲ ನಾನು. ಫೋನಿನ ಆ್ಯಪಿನಲ್ಲಿ ಒಂದೊಂದು ಬಣ್ಣವನ್ನೂ ತಿಳಿಯಾಗಿಸಲು, ಗಾಢವಾಗಿಸಲು ಎಳೆಯುವ ಒಂದೊಂದು ಗೆರೆಯಿತ್ತು. ಕೆಂಪಿನ ಗೆರೆಯನ್ನು ಬಲಕ್ಕೆ ಎಳೆದೆ. ಸೀರೆ ಬೆಳ್ಳಗಾಗಿ ರವಿಕೆಯಿಂದ ಬೇರೆಯಾಯಿತು. ಮುಖ ಹುಣ್ಣಿಮೆಯಾಯಿತು. ಇನ್ನೂ ಎಳೆದೆ. ಸಣ್ಣಪುಟ್ಟದ್ದೆಲ್ಲ ಮೊದಲು ಕಣ್ಣಿಗೆ ಬೀಳುವುದು ನನ್ನ ಸ್ವಭಾವ. ಸೆರಗಿನ ಪಿನ್ನು ಓರೆಯಾಗಿದ್ದು, ಬಳೆಗಳಲ್ಲಿ ಒಂದು ಜೊತೆ ತಪ್ಪಿದ್ದು, ಕ್ರೋಟನ್ ಎಲೆಯ ಮೇಲೆ ಕೂತ ಇರುವೆ, ಎಲ್ಲವನ್ನೂ ಪರಿಶೀಲಿಸಿ ತೃಪ್ತಳಾಗಿ ಕಳುಹಿಸಿದೆ.

ಹಣೆ ಮಾತ್ರ ನೋಡಲಿಲ್ಲ.

ಪುಸ್ತಕದ ಕಟ್ಟು ಬಂದದ್ದು ಶಾಸ್ತ್ರದ ದಿನ ಬೆಳಿಗ್ಗೆ. ಮಾವ ಬಿಚ್ಚಿ ಮೊದಲ ಹಾಳೆ ನೋಡಿದರು. ಆಮೇಲೆ ತಮ್ಮ ಎದೆಯನ್ನು ತಾವೇ ಮುಟ್ಟಿ ನೋಡಿಕೊಂಡು, "ನಾನು ಯಾವಾಗ ಹೋದೆ ಕಣಮ್ಮ?" ಎಂದರು.

ಅತ್ತೆಯ ಕಾಸಗಲದ ಕುಂಕುಮ ನಾನೆಳೆದ ಗೆರೆಯ ಜೊತೆ ಬೆಳ್ಳಗಾಗಿ ಹಣೆಯಲ್ಲೇ ಕರಗಿಹೋಗಿತ್ತು. ಬಿಳಿ ಸೀರೆ, ಬರಿ ಹಣೆ. ಅದೂ ಮುತ್ತೈದೆಯರು ಕೂತು ಹೇಳುವ ಸೋಬಾನೆ ಪುಸ್ತಕದಲ್ಲಿ!

ಅತ್ತೆ ಬೈಯಲಿಲ್ಲ. "ಹೋಗ್ಲಿ ಬುಡು, ಅಟ್ಟದ್ ಮ್ಯಾಲೆ ಮಡಗು" ಎಂದು ಒಳಗೆ ಹೋಗಿ ಸೊಪ್ಪು ಸೋಸಲು ಕೂತರು. ಎಲೆ ಬಿಸಾಡಿ ಕಡ್ಡಿ ಇಟ್ಟುಕೊಳ್ಳುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಮಗಳ ಕೆಂಪು ಸ್ಕೆಚ್ ಪೆನ್ನು ತಂದೆ. ಒಂದೊಂದು ಪುಸ್ತಕದಲ್ಲೂ ಅತ್ತೆಯ ಹಣೆಗೆ ಒತ್ತಿ ಒತ್ತಿ ಕುಂಕುಮವಿಟ್ಟೆ. ಇಡೀ ಕಟ್ಟು ಮುಗಿಸಿ, "ಈಗ ನೋಡಿ" ಎಂದು ಒಂದನ್ನು ನನ್ನವರ ಕೈಗೆ ಕೊಟ್ಟೆ. ಅವರು ಹಾಳೆ ಮಗುಚಿದರು. ತೆಳು ಹಾಳೆ. ಶಾಯಿ ಆ ಬದಿಗೆ ಇಳಿದು ಮಾವನ ಹಣೆಯ ನಟ್ಟನಡುವೆ ಕೂತಿತ್ತು.

"ಅಪ್ಪನ್ನೂ ಮುತ್ತೈದೆ ಮಾಡ್ಬುಟ್ಯಲ್ಲೇ" ಎಂದರು.

ಬೇರೆ ಮಾಡಿಸಲು ಹೊತ್ತಿರಲಿಲ್ಲ. ಕೊನೆಗೆ ಮಾವನೇ ಕಟ್ಟನ್ನು ಎತ್ತಿಕೊಂಡರು. "ಬದುಕಿದ್ದೀನಿ ಅಂತ ಗೊತ್ತಾದ್ರೆ ಸಾಕು, ನಡೀರಿ."

ಶಾಸ್ತ್ರದ ಮನೆಯಲ್ಲಿ ಪುಸ್ತಕ ಹಂಚಿ ನಾನು ಕಂಬದ ಮರೆಗೆ ಸೇರಿಕೊಂಡೆ. ಪಾವಗಡದಿಂದ ಬಂದಿದ್ದ ಬೀಗರ ಕಡೆಯ ಅಜ್ಜಿ ಹಾಳೆ ಮಗುಚಿದವರು, ಒಮ್ಮೆ ಪುಸ್ತಕ, ಒಮ್ಮೆ ಮಾವನ ಮುಖ ನೋಡಿ, "ಏಮಮ್ಮಾ, ಈ ತಾತಗಾರಿಗೂ ಅರಿಶಿನ ಕುಂಕುಮ ಕೊಡಾಲಾ?" ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಗಟ್ಟಿಯಾಗಿ ಕೇಳಿದರು.

ಚಪ್ಪರವೇ ನಕ್ಕಿತು. ಪುಸ್ತಕ ಮಡಚಿ ಚೀಲಕ್ಕೆ ಹಾಕಿಕೊಂಡಿದ್ದವರೂ ತಾತನನ್ನು ನೋಡಲು ಹೊರಗೆ ತೆಗೆದರು. ಆ ಗಲಾಟೆಯಲ್ಲಿ ಸ್ಪೀಕರ್ ಯಾರಿಗೂ ನೆನಪಾಗಲಿಲ್ಲ. ಅತ್ತೆ ಸಮಯ ನೋಡಿ ಪದ ಎತ್ತಿಬಿಟ್ಟರು. ಪುಸ್ತಕ ಹೇಗೂ ಎಲ್ಲರ ಕೈಯಲ್ಲಿತ್ತಲ್ಲ. ಒಬ್ಬರು ಸೊಲ್ಲು ಹಿಡಿದರು, ಇಬ್ಬರು ಹಿಡಿದರು, ಆಮೇಲೆ ಸಾಲಿಗೆ ಸಾಲೇ ಹಿಡಿಯಿತು. ಅತ್ತೆ ಕಣ್ಣು ಮುಚ್ಚಿಕೊಂಡು ಹೇಳುತ್ತಲೇ ಹೋದರು.

ಈಗ ಸಿರಾ, ಕೊರಟಗೆರೆ ಕಡೆಯಿಂದೆಲ್ಲ ಪುಸ್ತಕ ಕೇಳಿ ಫೋನು. ಪ್ರೆಸ್ಸಿನ ಫೋಟೋದವರು ರಜಾ ಮುಗಿಸಿ ಬಂದು ಹೊಸದಾಗಿ ಮಾಡಿಕೊಟ್ಟಿದ್ದಾರೆ. ಅತ್ತೆಯ ಕುಂಕುಮ ಅಚ್ಚುಕಟ್ಟಾಗಿ ಮೂಡಿದೆ. ಆದರೆ ಅದು ಯಾರಿಗೂ ಬೇಡ. "ತಾತ ಕುಂಕುಮ ಇಟ್ಕೊಂಡವ್ರಲ್ಲ, ಅದನ್ನೇ ಕೊಡಿ" ಅನ್ನುತ್ತಾರೆ.

ಹಾಗಾಗಿ ಮಧ್ಯಾಹ್ನವೆಲ್ಲ ನಾನು ನಡುಮನೆಯಲ್ಲಿ ಕೂತು ಮಾವನ ಫೋಟೋಗೆ ಕುಂಕುಮವಿಡುತ್ತೇನೆ. ಮಾವ ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕೂರುತ್ತಾರೆ.

"ಇದು ಸೊಟ್ಟಗಾಯ್ತು ಕಣಮ್ಮ" ಎಂದರು ನಿನ್ನೆ. "ನೀನು ಓದಿದ ಕಾನ್ವೆಂಟಲ್ಲಿ ದುಂಡಗೆ ಬರಿಯೋದು ಹೇಳ್ಕೊಡ್ಲಿಲ್ವಾ?"