ನಾನು ಮಾಡಿಕೊಟ್ಟ ಅಣ್ಣ

ಜಗಳ ಬಿಡಿಸುವ ಚಟವೊಂದು ಕೆಲವರಿಗೆ ಇರುತ್ತದೆ. ತಂಬಾಕಿನ ಚಟವಾದರೆ ಮನೆಯವರು ಬೈದು ಬುದ್ಧಿ ಹೇಳುತ್ತಾರೆ. ಈ ಚಟಕ್ಕೆ ಮಾತ್ರ ಊರವರು ದೊಡ್ಡ ಮನಸ್ಸು ಎಂದು ಹೆಸರಿಟ್ಟು ಇನ್ನಷ್ಟು ಕೆಡಿಸುತ್ತಾರೆ. ನಾನು ಹಾಗೆ ಕೆಟ್ಟವಳು. ಮುಧೋಳದ ಮದುವೆಯೊಂದರಲ್ಲಿ ಹೋಳಿಗೆಗೆ ತುಪ್ಪ ಕಡಿಮೆ ಬಡಿಸಿದರೆಂದು ಮುನಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದ ಬೀಗರನ್ನು ತಿರುಗಿ ಕರೆತಂದವಳು ನಾನು. ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಫ್ಯಾನಿನ ಗಾಳಿಗಾಗಿ ಮಾತು ಬಿಟ್ಟಿದ್ದ ಇಬ್ಬರು ಕ್ಲಾರ್ಕುಗಳಿಗೆ ಒಂದೇ ತಟ್ಟೆಯಲ್ಲಿ ಮಿರ್ಚಿ ಭಜಿ ತಿನ್ನಿಸಿದವಳೂ ನಾನೇ. ಹೀಗಾಗಿ ಹೆಣ್ಣುಮಕ್ಕಳ ದೂರು ಕೇಳುವ ಸಮಿತಿ ಮಾಡಬೇಕಾಗಿ ಬಂದಾಗ ಪ್ರಿನ್ಸಿಪಾಲರಿಗೆ ಅಧ್ಯಕ್ಷೆಯ ಜಾಗಕ್ಕೆ ಬೇರೆ ಹೆಸರೇ ಹೊಳೆಯಲಿಲ್ಲ. "ಅಕ್ಕಾರ ಇದ್ದಮ್ಯಾಲ ದೂರು ಹೊರಗ ಹೋಗೂದಿಲ್ಲ ಬಿಡ್ರಿ" ಎಂದರು. ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಬಂದು ಗಂಡನಿಗೂ ಹೇಳಿಕೊಂಡೆ. ಅಂದಹಾಗೆ ನಾನು ಕಲಿಸುವುದು ಸಮಾಜಶಾಸ್ತ್ರ. ಮುಂದಿನದನ್ನು ಓದುವಾಗ ತಾವು ದಯವಿಟ್ಟು ಅದನ್ನು ಮರೆತುಬಿಡಬೇಕು.

ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸುವರ್ಣಾ ಎಂಬ ಹುಡುಗಿ ಇದ್ದಾಳೆ. ರಬಕವಿಯ ನೇಕಾರರ ಮನೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು, ಕೂರು ಎಂದರೂ ಕೂರದೆ ನಿಂತಳು. "ಅಕ್ಕಾರ, ಬಸಲಿಂಗಪ್ಪ ಸರ್ ಕಂಪ್ಯೂಟರ ನೋಡೂ ನೆವದಾಗ ಬಂದು ಹೆಗಲ ಮ್ಯಾಲ ಕೈ ಇಡತಾರ್ರಿ. ಏನೇನರ ಮೆಸೇಜ ಹಾಕತಾರ. ಬ್ಯಾಡ್ರಿ ಅಂದ್ರೂ ಬಿಡವಲ್ರು" ಎಂದಳು. ಬಸಲಿಂಗಪ್ಪನವರು ಆಫೀಸಿನ ಸೂಪರಿಂಟೆಂಡೆಂಟ್. ಈ ಹುಡುಗಿಯ ಕೆಲಸ ಮುಂದುವರಿಸಿ ಎಂದೋ ಬೇಡ ಎಂದೋ ವರ್ಷ ವರ್ಷ ಬರೆದುಕೊಡುವವರು ಅವರೇ. ನಾನು ಮಾಡಬೇಕಾದದ್ದು ಅವಳ ಮಾತನ್ನು ಕೇಳಿ, ಬರೆಸಿಕೊಂಡು, ಸಮಿತಿ ಕರೆಯುವುದು. ಆದರೆ ನನ್ನ ತಲೆಯಲ್ಲಿ ಆಗಲೇ ಮಿರ್ಚಿ ಭಜಿ ಕರಿಯಲು ಶುರುವಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ನಮ್ಮಂಥವರ ಮಂತ್ರ. ಹಾವು ಕಚ್ಚಿದವರ ಗತಿಯೇನು ಎಂದು ಆ ಗಾದೆಯಲ್ಲಿ ಎಲ್ಲೂ ಇಲ್ಲ.

"ಬರಿಯೂದ ಬ್ಯಾಡವಾ, ನಾಳೆ ನಿನ್ನ ಮದವಿ ಆಗಬೇಕು. ಮಾತಿನಾಗ ಮುಗಸತೇನಿ" ಎಂದೆ. ಬಸಲಿಂಗಪ್ಪನವರನ್ನು ಕರೆದು ನಯವಾಗಿ ಗದರಿದೆ. ಅವರು ಎರಡೂ ಕೆನ್ನೆ ಬಡಿದುಕೊಂಡು, "ಅಕ್ಕಾರ, ತಪ್ಪಾತ್ರಿ. ನೀವು ಹೆಂಗಂತೀರಿ ಹಂಗ" ಎಂದರು. ಆಗ ನನಗೆ ಹೊಳೆದದ್ದೇ ಆ ಮಹಾ ಉಪಾಯ. ನಮ್ಮ ಕಡೆ ಗಂಡಸಿನ ಕಣ್ಣು ಸರಿಮಾಡಬೇಕಾದರೆ ಅಣ್ಣ-ತಂಗಿ ಮಾಡಿಬಿಡುವುದು ರೂಢಿ. ನಾನೇ ಪೇಟೆಗೆ ಹೋಗಿ ರವಿಕೆ ಹೊಲಿಸುವ ಖಣ, ಕಾಯಿ, ಹೂವು ತಂದೆ. ಶನಿವಾರ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಸುವರ್ಣಾಳಿಗೆ ನಾನೇ ಕುಂಕುಮ ಹಚ್ಚಿದೆ. ಬಸಲಿಂಗಪ್ಪನವರು ಅವಳ ಕೈಗೆ ಖಣ ಕೊಟ್ಟು, "ಇವತ್ತಿನಿಂದ ನೀ ನನ್ನ ತಂಗಿವಾ" ಎಂದರು. ಯಾರೋ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ಒದ್ದೆಯಾಯಿತು. ಪ್ರಿನ್ಸಿಪಾಲರು ಎಲ್ಲರಿಗೂ ಚಹಾ ಹೇಳಿದರು.

ಅಣ್ಣನಾದ ಮೇಲೆ ಅಣ್ಣತನ ಮಾಡಬೇಕಲ್ಲ. ಬಸಲಿಂಗಪ್ಪನವರು ಶ್ರದ್ಧೆಯಿಂದ ಮಾಡಿದರು. ತಂಗಿ ಬಸ್ಸಿನಲ್ಲಿ ನಿಂತು ಹೋಗುವುದೇ ಎಂದು ತಮ್ಮ ಕಾರಿನಲ್ಲಿ ಬಿಟ್ಟುಬರತೊಡಗಿದರು. ರಬಕವಿಗೆ ಹೋಗಿ ಅವಳ ಮನೆಯಲ್ಲಿ ರೊಟ್ಟಿ ಉಂಡು, ಮಗ್ಗದ ಮುಂದೆ ಕೂತಿದ್ದ ಅವಳ ಅಪ್ಪನಿಗೆ "ಇನ್ನ ಆಕಿ ಜವಾಬ್ದಾರಿ ನಂದು" ಎಂದು ಬಂದರು. ಇಷ್ಟು ಛಲೋ ಅಣ್ಣ ಸಿಕ್ಕನಲ್ಲ ಎಂದು ತಾಯಿಗೆ ಹಿಗ್ಗೋ ಹಿಗ್ಗು. ಇದನ್ನೆಲ್ಲ ಕೇಳಿ ನಾನೂ ಹಿಗ್ಗಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಸುವರ್ಣಾ ಮತ್ತೆ ಬಂದಳು. "ಅಕ್ಕಾರ, ಮೊದಲ ಅವರು ಬರೇ ಸಾಹೇಬ್ರಿದ್ರು. ಆಫೀಸ ಬಿಟ್ಟಮ್ಯಾಲ ಪಾರಾಗತಿದ್ದೆ. ಈಗ ಮನಿಗೂ ಬರತಾರ. ಕಾರಿನಾಗ ಅದೇ ಕೈ, ಅದೇ ಹೆಗಲ. ಮನ್ಯಾಗ ಹೇಳಿದ್ರ, ಅಣ್ಣಗ ಹಂಗ ಅಂತಾರೇನು ಅಂತ ನನಗ ಬೈತಾರ" ಎಂದಳು. ನನ್ನ ಉಪಾಯ ಏನು ಮಾಡಿದೆ ಎಂದು ಕೂತಲ್ಲೇ ಹೊಳೆಯಿತು. ಆದರೂ ಹುಟ್ಟುಗುಣ ಎಲ್ಲಿ ಹೋಗಬೇಕು? "ಮತ್ತ ಅವತ್ತ ಬ್ಯಾಡ ಅನಬೇಕಿತ್ತಲ್ಲವಾ" ಎಂದುಬಿಟ್ಟೆ.

"ಕುಂಕುಮ ಹಚ್ಚಾಕ ಬಂದವರಿಗೆ ಬ್ಯಾಡ ಅಂತ ಹೆಂಗ ಅನ್ನಲ್ರಿ? ಅದೂ ಹಚ್ಚಾಕ ಬಂದವರು ನೀವು" ಎಂದಳು. ಹೇಳಿ, ಬರೆದು ತಂದಿದ್ದ ದೂರನ್ನು ನನ್ನ ಮುಂದಿಟ್ಟು ಹೋದಳು.

ಈ ಸಲ ಸಮಿತಿ ಕೂತಿತು. ಹೊರಗಿನ ಸದಸ್ಯರಾಗಿ ಜಮಖಂಡಿ ಕೋರ್ಟಿನ ಒಬ್ಬ ವಕೀಲೆ ಬಂದರು. ಬಸಲಿಂಗಪ್ಪನವರ ಉತ್ತರ ಒಂದೇ: "ಎಲ್ಲಾ ಅವತ್ತ ಮುಗದೈತ್ರಿ. ಆಕಿ ಖುಷಿಲೆ ಖಣ ಇಸಗೊಂಡಾಳ. ಅಕ್ಕಾರ್ನ ಕೇಳ್ರಿ." ಹೀಗೆ ನಾನು ಅಧ್ಯಕ್ಷೆಯ ಕುರ್ಚಿಯಿಂದ ಎದ್ದು ಸಾಕ್ಷಿಯ ಕುರ್ಚಿಗೆ ಬಂದೆ. ಎರಡೂ ಒಂದೇ ನಮೂನೆಯ ಪ್ಲಾಸ್ಟಿಕ್ ಕುರ್ಚಿಗಳು, ಆದರೂ ಎರಡನೆಯದರಲ್ಲಿ ಕೂರಲು ಆಗಲೇ ಇಲ್ಲ. ಕೊನೆಗೆ ಸುವರ್ಣಾಳ ದೂರು ನಿಜವೆಂದು ತೀರ್ಮಾನವಾಯಿತು, ಬಸಲಿಂಗಪ್ಪನವರು ಕೆಲಸ ಕಳೆದುಕೊಂಡರು. ಅದು ಅವಳು ಅಳಿಸದೆ ಇಟ್ಟುಕೊಂಡಿದ್ದ ಮೆಸೇಜುಗಳಿಂದ ಆದದ್ದು, ನನ್ನ ದೊಡ್ಡ ಮನಸ್ಸಿನಿಂದ ಅಲ್ಲ. ಆದರೆ ಅವತ್ತು ವಕೀಲರು ನನ್ನನ್ನು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ನೆನಪಾದರೆ ಈಗಲೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

"ಖಣ ಇಸಗೊಳ್ಳೂ ಮುಂದ ಹುಡುಗಿ ಖುಷಿಲೆ ಇದ್ಲೇನ್ರಿ?"

"ಇಲ್ರಿ. ತಲಿ ಎತ್ತಲಿಲ್ಲ."

"ಅದು ನಿಮಗ ಕಂಡಿತ್ತು?"

"ಕಂಡಿತ್ರಿ."

"ಕಂಡು ಏನ ಅನಕೊಂಡ್ರಿ?"

ಸುವರ್ಣಾ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಖಣದ ಬಣ್ಣ ಮನಸಿಗೆ ಬಂದಿಲ್ಲ ಕಾಣತೈತಿ ಅನಕೊಂಡೆ" ಎಂದೆ. ವಕೀಲರು ತಲೆ ಎತ್ತದೆ ಅದನ್ನೂ ಬರೆದುಕೊಂಡರು.