ಬಹುಮಾನದ ಸೌತೆಯನ್ನು ಸಾಂಬಾರು ಮಾಡಿದವರಿಗೆ

ಈ ಪತ್ರ ಓದುತ್ತಿರುವವರೇ, ನೀವು ಯಾರೇ ಆಗಿರಿ, ಬಾಯಲ್ಲಿ ತುತ್ತು ಇದ್ದರೆ ಮೊದಲು ನುಂಗಿ. ಸಾಂಬಾರಿನಲ್ಲಿ ತೇಲುವುದು ಎಂತ, ಯಾರ ಮನೆಯದು ಎಂದು ಕೇಳದೆ ಸುರಿದುಕೊಳ್ಳುವ ನಿಮ್ಮಂಥವರಿಂದಲೇ ನಾನು ಈ ಪ್ರಾಯದಲ್ಲಿ ಲೇಖನಿ ಹಿಡಿಯಬೇಕಾಯಿತು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ನೋಡಿ ನಗಬೇಡಿ. ನಗುವುದಕ್ಕೆ ಇದರಲ್ಲಿ ಬೇರೆ ಸಂಗತಿ ಉಂಟು.

ಉಡುಪಿಯ ಹಳ್ಳಿ-ಪೇಟೆ ಸ್ನೇಹಕೂಟ ಸಮಿತಿಯ ಅಧ್ಯಕ್ಷರಾದ ಮಾನ್ಯರೇ, ಅಜೆಕಾರಿನ ಬರ್ತಾಬಾಯಿಯ ಸಾವಿರ ನಮಸ್ಕಾರಗಳು. ತಾವೂ ತಮ್ಮ ಮೋಟಾರೂ, ವಿಶೇಷವಾಗಿ ತಮ್ಮ ಹೊಟ್ಟೆಯೂ ಕ್ಷೇಮವೆಂದು ನಂಬಿದ್ದೇನೆ.

ರೈತರೂ ಪೇಟೆಯವರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕೆಂದು ತಾವು ಹದಿನೈದು ದಿನದ ಹಿಂದೆ ಕೂಟ ನಡೆಸಿದ್ದು, ಬೆಳೆದದ್ದನ್ನು ತಂದು ಪ್ರದರ್ಶನಕ್ಕೆ ಇಡಿ ಎಂದು ಹಳ್ಳಿಹಳ್ಳಿಗೆ ಹೇಳಿಕಳುಹಿಸಿದ್ದು ಬಹಳ ದೊಡ್ಡ ಮನಸ್ಸಿನ ಕೆಲಸ. ನಮ್ಮ ಗ್ರಾಮಸೇವಕ ಶೀನ ಸೀದಾ ಅಡುಗೆಮನೆಗೇ ನುಗ್ಗಿ, ಜಂತಿಗೆ ಬಾಳೆನಾರಿನಲ್ಲಿ ತೂಗುಹಾಕಿದ್ದ ನನ್ನ ಸಾಂಬಾರು ಸೌತೆಯನ್ನು ಕಂಡು, "ಬಾಯಮ್ಮಾ, ಬರೀ ನೋಡಲಿಕ್ಕೆ, ಸಂಜೆ ನಿಮ್ಮ ಕೈಗೇ ಕೊಡುತ್ತೇನೆ" ಎಂದು ಮೂರು ದೇವರ ಆಣೆ ಹಾಕಿದ. ಅದು ಬೀಜಕ್ಕೆಂದು ಬಿಟ್ಟ ಕಾಯಿ. ನನ್ನ ಅತ್ತೆ ಪ್ರೆಸಿಲ್ಲಾಬಾಯಿ ಮದುವೆಯಾಗಿ ಬರುವಾಗ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ತಳಿ. ಈ ಮಳೆಗಾಲದಲ್ಲಿ ಉಳಿದವೆಲ್ಲ ಕೊಳೆತು, ಇದೊಂದೇ ಬದುಕಿತ್ತು. ಯಾರೂ ಕೈ ಹಾಕಬಾರದೆಂದು ಅದರ ಮೇಲೆ ಸುಣ್ಣದಲ್ಲಿ ಶಿಲುಬೆಯ ಗುರುತನ್ನೂ ಹಾಕಿದ್ದೆ. ಆ ಗುರುತು ಕಂಡರೆ ನಮ್ಮೂರಿನ ಕಳ್ಳನೂ ಕೈಮುಗಿದು ಪಕ್ಕದ ಕಾಯಿ ಕದಿಯುತ್ತಾನೆ.

ಸೌತೆಗೆ ಮೊದಲನೇ ಬಹುಮಾನ ಬಂತು. ಮನೆಯಲ್ಲಿ ಮೂರು ಹುಂಜ ಇರುವ ನನಗೆ ಅಲಾರಾಂ ಗಡಿಯಾರ ಕೊಟ್ಟ ತಮ್ಮ ಜ್ಞಾನವನ್ನು ಎಷ್ಟು ಹೊಗಳಿದರೂ ಸಾಲದು. ಆಮೇಲೆ ತಾವು, ಹಳ್ಳಿ ಎಂಬುದು ಕೈ, ಪೇಟೆ ಎಂಬುದು ಬಾಯಿ ಎಂದು ಭಾಷಣ ಮಾಡಿದಿರಿ. ನಾನೂ ಚಪ್ಪಾಳೆ ತಟ್ಟಿದೆ. ಊಟದಲ್ಲಿ ಸಾಂಬಾರು ಎಷ್ಟು ರುಚಿಯಾಗಿತ್ತೆಂದರೆ, ಎರಡು ಸಲ ಬಡಿಸಿಕೊಂಡು, ಪಕ್ಕದಲ್ಲಿದ್ದ ಮಣಿಪಾಲದ ಅಮ್ಮನಿಗೂ ಹೋಳು ಬಿಡಬೇಡಿ ಎಂದೆ. ಕೈ ತೊಳೆದು ಬಂದು ನೋಡಿದರೆ ಪ್ರದರ್ಶನದ ಮೇಜಿನ ಮೇಲೆ ಬಾಳೆನಾರು ಮಾತ್ರ ಉಂಟು.

ಅಡುಗೆಯ ಭುಜಂಗ, "ಎಂತ ಮಾಡುವುದು ಬಾಯಮ್ಮ, ತರಕಾರಿ ಮುಗಿಯಿತು, ಪಂಕ್ತಿ ಮುಗಿಯಲಿಲ್ಲ" ಎಂದ. ಸುಣ್ಣದ ಗುರುತು ಕಾಣಲಿಲ್ಲವೇ ಎಂದರೆ, ಅದು ಬಹುಮಾನದ ಗುರುತು, ಹೆಚ್ಚಿನ ರುಚಿ ಅದಕ್ಕೇ ಇರುತ್ತದೆ ಎಂದು ಅಧ್ಯಕ್ಷರಾದ ತಾವೇ ಆರಿಸಿ ಕೊಟ್ಟಿರಂತೆ. ಬೀಜವಿದ್ದ ತಿರುಳು ಎಂಜಲೆಲೆಯ ಸಂಗಡ ಹೋಯಿತಂತೆ. ಬಸ್ಸು ಹೊರಡುವವರೆಗೆ ಎಲೆಯ ರಾಶಿ ಕೆದಕಿದೆ, ಒಂದು ಬೀಜವೂ ಸಿಗಲಿಲ್ಲ.

ಆದ್ದರಿಂದ ಮಾನ್ಯರೇ, ಅಂದು ಉಂಡವರನ್ನೆಲ್ಲ ನನ್ನ ಗದ್ದೆಯಲ್ಲಿ ಸಾಲಾಗಿ ನಿಲ್ಲಿಸಿ ಬುಡಕ್ಕೆ ಗೊಬ್ಬರ ಹಾಕಿಸಬೇಕು. ಯಾರ ಕಿವಿಯಲ್ಲಿ ಕುಡಿ ಬರುತ್ತದೆ ನೋಡುವ. ಅದಾಗದಿದ್ದರೆ, ಸೌತೆ ಇದ್ದ ಜಾಗದಲ್ಲಿ ತಾವೇ ಬಂದು ಜಂತಿಯಲ್ಲಿ ತೂಗಿಕೊಂಡಿರಬೇಕು. ತಮ್ಮ ಗಾತ್ರಕ್ಕೆ ಬಾಳೆನಾರು ಸಾಲದು, ಬಾವಿಯ ಹಗ್ಗ ಉಂಟು.

ತಮ್ಮ ವಿಶ್ವಾಸಿ (ವಿಶ್ವಾಸವನ್ನೂ ಬೇಯಿಸದೆ ಬಿಟ್ಟಿದ್ದರೆ),
ಬರ್ತಾಬಾಯಿ
ಅಜೆಕಾರು, ನವೆಂಬರ್ 1960

ಮತ್ತೊಂದು ಮಾತು: ಇಷ್ಟು ಬರೆಯುವಷ್ಟರಲ್ಲಿ ಶೀನ ಓಡಿ ಬಂದು, ತಮ್ಮ ಸಭಾಭವನದ ಹಿಂದೆ ಎಂಜಲೆಲೆಯ ರಾಶಿಯಲ್ಲಿ ಸೌತೆಯ ಸಸಿಗಳು ಎದ್ದಿವೆ ಎಂದ. ಅವು ನನ್ನವು. ಬೇಲಿ ಕಟ್ಟಿಸಿ; ಆಡು ಬಂದರೆ ಭಾಷಣ ಮಾಡಿ, ಓಡುತ್ತದೆ. ಬಹುಮಾನದ ಗಡಿಯಾರವನ್ನು ಶೀನನ ಕೈಯಲ್ಲಿ ಕಳುಹಿಸಿದ್ದೇನೆ, ಬೆಳಗಿನ ನಾಲ್ಕಕ್ಕೆ ತಿರುಗಿಸಿ ಇಟ್ಟಿದ್ದೇನೆ. ಅದು ಹೊಡೆದ ಕೂಡಲೇ ಎದ್ದು ತಾವೇ ನೀರು ಹಾಕಬೇಕು. ಎಷ್ಟು ಎಲೆ ಬಂತೆಂದು ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ.